ಒಳಕೋಣೆಗೆ ಹೋದ ಕಿರಿಮಗ

ಒಂದಾನೊಂದು ಕಾಲದಲ್ಲಿ, ಬಿಸಿಲಲ್ಲಿ ಕಲ್ಲು ಒಡೆಯೋ ಚೌಡಮ್ಮನ ತೋಳಲ್ಲಿ, ಚರ್ಮದ ಒಳಗೆ, ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ಮನೆ ಇತ್ತಂತೆ ಕಣೇ ಪುಟ್ಟಿ. ಈಗಿನೋರು ಜೀವಕೋಶ ಅಂತಾರಲ್ಲ, ಅದೇ. ಮನೆ ನಡುವೆ ಒಳಕೋಣೆ, ಅದರಲ್ಲಿ ಹಿರೀಕರು ಬಿಟ್ಟುಹೋದ ಉದ್ದನೆ ನೂಲು, ನೂಲಿನ ತುಂಬ ಗಂಟು. ಯಾವ ಗಂಟು ಮುಟ್ಟಿದರೆ ಆ ಕೆಲಸ ಎದ್ದು ನಡೆಯೋದಂತೆ.

ಆ ಮನೇಲಿ ಮುನವ್ವ ಅನ್ನೋಳಿಗೆ ಮೂರು ಜನ ಗಂಡುಮಕ್ಕಳು. ಗಂಟು ಎಬ್ಬಿಸೋ ಶಕ್ತಿ ಅವರ ಕೈಲೇ ಇದ್ದಿದ್ದು. ಆದರೆ ಪಡಸಾಲೇಲಿ ಕೂತಿದ್ದರೆ ಆ ಕೈ ಏನೂ ಮಾಡಲಾರದು, ಒಳಕೋಣೆಗೆ ಹೋದರೆ ಮಾತ್ರ. ಅದಕ್ಕೇ ಮುನವ್ವ ಮೂವರನ್ನೂ ಪಡಸಾಲೆ ಕಂಬಕ್ಕೆ ಕಟ್ಟಿಟ್ಟಿದ್ದಳಂತೆ.

ಒಂದಿನ ಚೌಡಮ್ಮನ ಆ ತೋಳಿಗೆ ಮುಳ್ಳು ಚುಚ್ಚಿ ಕೀವಾಯ್ತು. ಮುನವ್ವ ಹಿರಿಮಗ ಕೆಂಚನನ್ನ ಬಿಚ್ಚಿ ಕಳಿಸಿದಳು, ಅವನು ಗಂಟು ಮುಟ್ಟಿದ, ಮೈ ಕಾಯೋ ಕಾವಲಿನೋರು ಓಡಿಬಂದು ಕೀವು ಹಿಡಿಸಿದ ಕ್ರಿಮಿಗಳನ್ನ ಕೊಂದರು. ಆಮೇಲೆ ಅವನನ್ನ ಈಚೆಗೆ ಕರೆದು ಕಟ್ಟಿದಳು, ಒಳಗೇ ಬಿಟ್ಟರೆ ಉರಿ ಆರೋದೇ ಇಲ್ಲವಂತೆ. ಆಮೇಲೆ ಗಾಯ ಕೂಡಬೇಕಾಗಿ ನಡುವಿನೋನು ಬೊಮ್ಮ ಹೋದ, ಪಕ್ಕದಲ್ಲಿ ಹೊಸ ಮನೆ ಎದ್ದಿತು, ಅವನೂ ವಾಪಸ್ ಬಂದ.

ಕಿರಿಮಗ ಮಾಚನನ್ನ ಮಾತ್ರ ಅವಳು ಬಿಡ್ತಿರಲಿಲ್ಲ. ಕಟ್ಟು ಬಿಡಿಸ್ಕೊಂಡು ಬಾಗಿಲ ಹತ್ತಿರ ಹೋದರೂ ಕೈ ಹಿಡಿದು ಎಳ್ಕೊಂಡು ಬರೋಳು. ಅವನು ಮುಟ್ಟೋ ಗಂಟು ಮನೆಯನ್ನೇ ಮುಗಿಸೋ ಗಂಟು.

ವರ್ಷಗಟ್ಟಲೆ ಬಿಸಿಲು ಬಿದ್ದು ಬಿದ್ದು ಒಳಕೋಣೆ ನೂಲು ಹರೀತಂತೆ. ಆಮೇಲೆ ಹೊಸ ಮನೆ ಎಬ್ಬಿಸೋ ಬೊಮ್ಮನ ಗಂಟು ಯಾರೂ ಮುಟ್ಟದೆ ತಾನೇ ಎದ್ದು ಕೂತಿತು. ಹೀಗೇ ಬಿಟ್ಟರೆ ಮನೆ ಮೇಲೆ ಮನೆ ಸೊಟ್ಟಗೆ ಎದ್ದು ಚೌಡಮ್ಮನ ಜೀವಕ್ಕೇ ಕುತ್ತು, ಅವಳ ಮಡಿಲಲ್ಲಿ ಮೊಲೆ ಬಿಡದ ಕೂಸು. ಆ ಗಂಟು ಮಲಗಿಸೋಕೆ ಕೆಂಚ ಹೋಗಿ ಬಂದ, ಆಗಲಿಲ್ಲ. ಬೊಮ್ಮ ಹೋಗಿ ಬಂದ, ಆಗಲಿಲ್ಲ. ಆಗ ಮುನವ್ವ ಮಾಚನ ಕಟ್ಟು ಬಿಚ್ಚಿ ಅವನ ಕೈ ಬಿಟ್ಟಳಂತೆ.

ನಾನು ಹೋದರೆ ನೀನೂ ಉಳಿಯಲ್ಲ ಅವ್ವಾ, ಅಂದ.

ಗೊತ್ತು ಕಂದ, ಹೋಗು, ಅಂದಳು.

ಒಳಗೆ ಹೋದೋನು ಮೊದಲು ಹರಿದ ನೂಲನ್ನ ಜೋಡಿಸೋಕೆ ನೋಡಿದನಂತೆ. ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಬಿಡೋದು. ಕೊನೆಗೆ ಅಳ್ತಾ ತನ್ನ ಗಂಟು ಮುಟ್ಟಿದ. ಗೋಡೆ ಸದ್ದಿಲ್ಲದೆ ಒಳಕ್ಕೆ ಕುಸಿದವು, ಕಂಬ ಕಳಚಿದವು, ತಾಯಿ ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡೇ ಹೋದರಂತೆ. ಉಳಿದ ಮಣ್ಣನ್ನ ನೆರೆಮನೆಯೋರು ಬಳ್ಕೊಂಡರು.

ಚೌಡಮ್ಮ ತೋಳು ಒಂದ್ಸಲ ತುರಿಸ್ಕೊಂಡಳು, ಅಷ್ಟೇ. ಕೂಸು ಬೆಳೀತು, ಮದುವೆಯಾಯ್ತು, ಚೌಡಮ್ಮ ಮೊಮ್ಮಕ್ಕಳನ್ನ ಎತ್ತಾಡಿಸಿ ಸುಖವಾಗಿದ್ದಳಂತೆ. ಮುನವ್ವನ ಮನೆಗೆ ಅಳೋರು ಮಾತ್ರ ಒಬ್ಬರೂ ಇರಲಿಲ್ಲ. ಅಲ್ಲಿಗೆ ಕತೆ ಮುಗೀತು, ಕಣ್ಣು ಮುಚ್ಚು ತಾಯಿ.