ಕಡಲಮನೆಯ ಮೂವರು ಕಳ್ಳರು

“ಕೇಳಿರಿ, ಕೇಳಿರಿ! ರಾಣಿ ಪದುಮಲೆಯವರ ಕಡಲಮನೆಗೆ ಮೂವರು ಕಳ್ಳರು ಬಿದ್ದು ಗಾಜಿನ ತಿಳಿಯನ್ನು ಕದ್ದಿದ್ದಾರೆ. ಮೂವರ ಹೆಸರನ್ನೂ ಹೇಳಿ, ಹೇಳಿದ್ದನ್ನು ಗಾಜಿನ ಮೇಲೆ ತೋರಿಸಿಕೊಟ್ಟವರಿಗೆ ರಾಣಿಯವರ ಕೈ, ಇಲ್ಲವೇ ಬೇಡಿದ್ದು. ತಪ್ಪಿದವರನ್ನು ಹುಣ್ಣಿಮೆಯ ಹಗಲು ಗಿಡುಗನಬಂಡೆಯಿಂದ ಕಡಲಿಗೆ ನೂಕಲಾಗುವುದು!”

ಮುತ್ತಂಗಡಿಯ ಬೀದಿಬೀದಿಯಲ್ಲಿ ಡಂಗುರ ಹೀಗೆ ಸಾರಿತು. ಕಡಲಮನೆಯೆಂದರೆ ಅರಮನೆಯ ಬುಡದಲ್ಲಿ ರಾಣಿಯ ತಂದೆ ಕಟ್ಟಿಸಿದ ಗಾಜಿನ ಕೊಳ. ಮೂರಾಳು ಎತ್ತರ. ಉಬ್ಬರದ ನೀರು ಕಲ್ಲಿನ ತೂಬಿನಿಂದ ಒಳಗೆ ಬರುತ್ತಿತ್ತು, ನೀರಿನ ಜೊತೆ ಕಡಲಿನ ಜೀವಗಳೂ. ಹಡಗಿನಲ್ಲಿ ಬಂದು ಅದನ್ನು ನಿಲ್ಲಿಸಿದ ಗಾಜುಗಾರ ಹೊರಡುವಾಗ, ಗಾಜಿನ ತಿಳಿ ಕದಿಯುವ ಮೂವರು ಕಳ್ಳರ ಬಗ್ಗೆ ಮೂರು ಒಗಟು ಹೇಳಿಹೋಗಿದ್ದ. ದೂರದೇಶದ ಕುಶಲಿಗರು ಎಲ್ಲ ಕಡೆಯೂ ಹೀಗೆಯೇ; ನೇರವಾಗಿ ಹೇಳಿಬಿಟ್ಟರೆ ತಮ್ಮ ವಿದ್ಯೆ ಅಗ್ಗವಾಯಿತು ಅಂದುಕೊಳ್ಳುತ್ತಾರೆ. ದೊರೆ ತೀರಿಕೊಂಡ, ಗಾಜು ಮಂಕಾಯಿತು. ಕಂಡಕಂಡವರು ಬಂದು ತಮಗೆ ತೋಚಿದ್ದನ್ನು ಬಳಿಯತೊಡಗಿದಾಗ ರಾಣಿ ರೋಸಿಹೋಗಿ ಪ್ರಾಣವನ್ನೇ ಪಣಕ್ಕಿಡಿಸಿದಳು.

ಉತ್ತರ ಹೇಳಹೋದ ಮೂವರು ಮೊದಲ ಒಗಟಿನಲ್ಲೇ ಸಿಕ್ಕಿಬಿದ್ದರು. ಪಾಳೆಯಗಾರನೊಬ್ಬ “ಹಗೆಯ ಮಾಟ” ಅಂದ. ಪಂಡಿತನೊಬ್ಬ “ಕಾಲ” ಅಂದ. ದೋಣಿಯ ಬೀರಣ್ಣ “ಮಂಜು” ಅಂದ.

ಬೀರಣ್ಣನ ತಂಗಿ ಸೋಮಿ ಉಪ್ಪಿನ ಗದ್ದೆಯಲ್ಲಿ ದುಡಿಯುವವಳು. ಸುದ್ದಿ ಕೇಳಿ ಸೆರೆಮನೆಯ ಕಿಂಡಿಗೆ ಓಡಿದಳು.

“ರಾಣಿ ನಿನ್ನ ಮದುವೆಯಾಗ್ತಾಳೆ ಅಂತ ಯಾರು ಹೇಳಿದ್ದು ನಿಂಗೆ?”

“ಮಂಜು ಅಂದಾಗ ಸಭೆಯೆಲ್ಲ ತಲೆದೂಗಿತ್ತು ಮಾರಾಯ್ತಿ,” ಅಂದ ಬೀರಣ್ಣ.

“ಗಾಜು ಮುಟ್ಟಿ ನೋಡಿದ್ಯಾ?”

“ರಾಣಿಯ ಗಾಜನ್ನ ಮುಟ್ಟೋದಾ? ಪಂಡಿತರೇ ಮುಟ್ಟಲಿಲ್ಲ. ಅವರು ಆಕಾಶ ನೋಡ್ತಾ ನಿಂತಿದ್ರು.”

ಸೋಮಿ ಅಣ್ಣನ ಬೆರಳು ಹಿಡಿದಳು. ಹುಣ್ಣಿಮೆ ನಾಳೆಯೇ. ಅಲ್ಲಿಂದ ಅವಳು ನೆಟ್ಟಗೆ ಕಡಲಮನೆಗೆ ಹೋದಳು.

“ಹೆಣ್ಣೇ, ಇಲ್ಲಿ ರಾಣಿಯ ಕೈ ಕೊಡೋದು. ನೀನು ಇಟ್ಕೊಂಡು ಏನು ಮಾಡ್ತಿ?” ಬಾಗಿಲು ಕಾಯುವವನು ನಕ್ಕ.

“ನಂಗೆ ನನ್ನ ಅಣ್ಣನ ತಲೆ ಸಾಕು. ದಾರಿ ಬಿಡು.”

ಒಳಗೆ ಕಾಲಿಟ್ಟವಳು ನಿಂತೇಬಿಟ್ಟಳು. ಗೋಡೆಯಷ್ಟಗಲದ ಮಸುಕು. ಅದರ ಹಿಂದೆ ಯಾವುದೋ ದೊಡ್ಡ ನೆರಳು ಬಂತು, ಮಡಚಿಕೊಂಡಿತು, ಮರೆಯಾಯಿತು. ಎದುರಿಗೆ ಸಾಲುಸಾಲು ದೀಪ. ಗಾಜು ಮಂಕಾದಷ್ಟೂ ಅರಮನೆಯವರು ದೀಪ ಹೆಚ್ಚಿಸುತ್ತ ಬಂದಿದ್ದರು.

ಸಭೆಯ ನಡುವೆ ಸಿಂಹಾಸನದಲ್ಲಿ ಕೂತಿದ್ದ ರಾಣಿ ಮೊದಲ ಒಗಟು ಹೇಳಿದಳು: “ಒಬ್ಬ ಕಳ್ಳ ಹಾರಿ ಬರುವಾಗ ಕಾಣುವುದಿಲ್ಲ, ಕೂತ ಮೇಲೆ ಏಳುವುದಿಲ್ಲ. ತಾಯಿಯ ಮಡಿಲಿಗೆ ಹಾಕಿದರೆ ಮಾತ್ರ ಮಾಯವಾಗುತ್ತಾನೆ. ಯಾರವನು?”

ಸೋಮಿ ಗಾಜಿನ ಹತ್ತಿರ ಹೋಗಿ ನಾಲಿಗೆ ಚಾಚಿ ನೆಕ್ಕಿದಳು. ಸಭೆ ಹೌಹಾರಿತು.

“ಉಪ್ಪು, ಒಡತಿ. ಅಲೆ ಒಡೆದಾಗ ಹನಿಯಾಗಿ ಹಾರಿ ಬಂದು, ಗಾಜಿನ ಹೊರಮೈಯಲ್ಲಿ ಒಣಗಿ ಕೂತಿದೆ. ಅದರ ತಾಯಿ ನೀರು.” ಸಿಹಿನೀರಲ್ಲಿ ಅದ್ದಿದ ಹಳೆಯ ಪಂಚೆಯಿಂದ ಮೆತ್ತಗೆ ಒರೆಸಿದಳು. ಅಂಗೈಯಗಲ ಬಿಳಿಪೊರೆ ಕರಗಿ, ಅದರ ಹಿಂದೆ ಹಸಿರು ಕಂಡಿತು.

ರಾಣಿ ಮುಂದೆ ಬಾಗಿ ಕೂತಳು. “ಎರಡನೆಯವನು ಒಳಗಿನವನು. ಬಾಯಿಲ್ಲದೆ ಉಣ್ಣುತ್ತಾನೆ, ಕಾಲಿಲ್ಲದೆ ಗೋಡೆ ಹತ್ತುತ್ತಾನೆ. ದೀಪ ಹಿಡಿದು ಹುಡುಕಿದಷ್ಟೂ ಕೊಬ್ಬುತ್ತಾನೆ. ಯಾರವನು?”

“ಪಾಚಿ, ಒಡತಿ. ಬೆಳಕೇ ಅವನ ಊಟ. ಇಷ್ಟು ದೀಪ ಹಚ್ಚಿ ನೀವೇ ಅವನಿಗೆ ದಿನವೂ ಹಬ್ಬದೂಟ ಬಡಿಸಿದ್ದೀರಿ.”

ಯಾರೋ ಕಿಸಕ್ಕನೆ ನಕ್ಕರು. ದೀಪ ಆರಿಸಲು ಹೇಳಿ, ಸೋಮಿ ಏಣಿ ಹತ್ತಿದಳು. ಕೋಲಿನ ತುದಿಗೆ ಅಡಿಕೆ ಹಾಳೆಯ ತುಂಡು ಕಟ್ಟಿ ನೀರಿಗಿಳಿಸಿ, ಒಳಮೈಯನ್ನು ಕೆರೆದಳು. ಹಸಿರು ಪೊರೆ ಸುರುಳಿಸುರುಳಿಯಾಗಿ ಕಳಚಿತು. ಆದರೂ ಗಾಜಿನಲ್ಲಿ ತೆಳು ಹೊಗೆಯಂಥದೊಂದು ಉಳಿದೇ ಇತ್ತು.

ರಾಣಿಯ ದನಿ ಇಳಿಯಿತು. “ಮೂರನೆಯವನು ಮನೆಯವನೇ. ಪ್ರೀತಿಯಿಂದ ಬರುತ್ತಾನೆ, ದಿನವೂ ಬರುತ್ತಾನೆ. ಕಳ್ಳರನ್ನು ಓಡಿಸುತ್ತೇನೆಂದೇ ಕದಿಯುತ್ತಾನೆ. ಕದ್ದದ್ದನ್ನು ಅವನೂ ಮರಳಿಸಲಾರ. ಯಾರವನು?”

ಸೋಮಿ ಏಣಿಯಿಳಿದು ಗಾಜಿನ ಹೊರಮೈಯ ಮೇಲೆ ಉಗುರಾಡಿಸಿದಳು. ನವುರಾದ ಗೀರುಗಳು, ಸಾವಿರಾರು, ಸುತ್ತಿಸುತ್ತಿ. ಕಂಚಿನ ದೀಪ ಬೆಳಗುವಂತೆ ಯಾರೋ ಗಾಜನ್ನು ಮರಳು-ಬೂದಿಯಿಂದ ಉಜ್ಜಿದ್ದರು.

“ಇದನ್ನ ತಿಕ್ಕೋದು ಯಾರು?”

ಸೋಮಿಯ ಕಣ್ಣು ರಾಣಿಯ ಕೈಯ ಮೇಲೆ ನಿಂತಿತು. ಉಂಗುರಗಳ ನಡುವೆ ಬಿರಿದ ಚರ್ಮ, ಉಗುರಿನಲ್ಲಿ ಬೂದಿ. ಹೇಳಿದರೆ ಈಗಲೇ ತನ್ನ ತಲೆ. ಹೇಳದಿದ್ದರೆ ನಾಳೆ ಅಣ್ಣನದು.

“ನೀವು, ತಾಯಿ. ನಿಮ್ಮ ಕೈ.”

ಕಾವಲಿನವನ ಕತ್ತಿ ಒರೆಯಿಂದ ಅರ್ಧ ಹೊರಬಂತು. ರಾಣಿ ಬೆರಳೆತ್ತಿ ತಡೆದಳು.

“ಅಪ್ಪ ನನ್ನ ಪಕ್ಕ ಕೂತು ಇಲ್ಲೇ ಕಡಲು ತೋರಿಸುತ್ತಿದ್ದರು,” ಅಂದಳು. “ಆಳುಗಳ ಕೈಗೆ ಬಿಡಲು ಮನಸ್ಸಾಗಲಿಲ್ಲ. ಈ ಗೀರು ಹೋಗುವುದಿಲ್ಲವೇ?”

“ಇಲ್ಲ ತಾಯಿ. ಇನ್ನು ಉಜ್ಜದೇ ಇದ್ದರೆ ಹೆಚ್ಚೋದಿಲ್ಲ, ಅಷ್ಟೆ.”

ಆಗ ಪಡುವಣ ಕಿಂಡಿಯಿಂದ ಬಿಸಿಲು ಓರೆಯಾಗಿ ಬಿತ್ತು. ಗೀರುಗಳೆಲ್ಲ ಒಮ್ಮೆಲೇ ಹೊತ್ತಿಕೊಂಡಂತೆ ಹೊಳೆದವು. ಆ ಹೊಳಪಿನ ಆಚೆಯಿಂದ ತೊರಕೆ ಮೀನೊಂದು ಬಂತು: ಹಡಗಿನ ಹಾಯಿಯಂಥ ಎರಡು ರೆಕ್ಕೆ, ಸದ್ದೇ ಇಲ್ಲ. ಸೋಮಿ ಕೆರೆದ ಜಾಗದ ಎದುರಿಗೆ ನಿಂತು, ಒಂದು ಕಣ್ಣಿಂದ ಸಭೆಯನ್ನೆಲ್ಲ ನೋಡಿತು. ಕಾವಲಿನವನು ಕತ್ತಿ ಕೆಳಗಿಟ್ಟು ಕೈಮುಗಿದ. ರಾಣಿ ಸಿಂಹಾಸನದಿಂದಿಳಿದು ನೆಲದಲ್ಲೇ ಕೂತಳು.

“ಬೇಡು,” ಅಂದಳು, ಕಣ್ಣು ತೆಗೆಯದೆ.

“ನನ್ನ ಅಣ್ಣ. ಅವನ ಜೊತೆಗಿದ್ದ ಇಬ್ಬರು ಬುದ್ಧಿವಂತರೂ ಬರಲಿ, ಪಾಪ.”

ಮೂವರೂ ಆ ಸಂಜೆಯೇ ಬಿಡುಗಡೆಯಾದರು. ಕಡಲಮನೆಯ ಬೀಗದ ಕೈಯನ್ನು ರಾಣಿ ತಾನಾಗಿ ಸೋಮಿಯ ಸೊಂಟಕ್ಕೆ ಸಿಕ್ಕಿಸಿದಳು. ಮಾರನೆಯ ದಿನ ಹುಣ್ಣಿಮೆಯ ಉಬ್ಬರ ಬಂದಾಗ ಗಿಡುಗನಬಂಡೆಯ ಮೇಲೆ ಯಾರೂ ಇರಲಿಲ್ಲ. ಊರಿಗೆ ಊರೇ ಗಾಜಿನ ಮುಂದೆ ಉಸಿರು ಬಿಗಿಹಿಡಿದು ಕೂತಿತ್ತು, ಬೀರಣ್ಣ ಎಲ್ಲರಿಗಿಂತ ಮುಂದೆ, ಗಾಜಿಗೆ ತಾಗದಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.