ಸೀತಾಳೆ ಮರವೇರಿದ್ದು

ಭೂಮಿ ಆಗಷ್ಟೇ ಹುಟ್ಟಿತ್ತು; ಬೆಟ್ಟಗಳ ಮಣ್ಣಿನ ಬಿಸಿ ಇನ್ನೂ ಆರಿರಲಿಲ್ಲ. ಆಗ ಹೂಗಳೆಲ್ಲ ನೆಲದಲ್ಲೇ ಅರಳುತ್ತಿದ್ದವು. ಬೆಟ್ಟದ ದಾರಿಯಲ್ಲಿ ತುಂಬೆಯೂ ಸೀತಾಳೆಯೂ ನೆರೆಹೊರೆ. ತುಂಬೆಯದು ಉಗುರಿನಷ್ಟು ಬಿಳಿ ಹೂ. ಸೀತಾಳೆಯದು ಮೊಳದುದ್ದದ ಹೂದಂಡೆ, ಬಿಳಿಯ ಮೇಲೆಲ್ಲ ನೇರಳೆ ಚುಕ್ಕೆ.

ಆ ಬೆಟ್ಟದಲ್ಲಿ ಕೇತಿ ಎಂಬ ಹೆಂಗಸಿದ್ದಳು. ಮಗಳ ಮದುವೆಗೆಂದು ಒಂದು ಸೀತಾಳೆಯನ್ನು ಬೇರುಸಹಿತ ಕಿತ್ತು ಬುಟ್ಟಿಗೆ ಹಾಕಿಕೊಂಡಳು. ಇನ್ನೊಂದು ಬೇಕಿತ್ತು. ಬೆಟ್ಟವೆಲ್ಲ ಸುತ್ತಿದಳು. ಎಲ್ಲೂ ಇರಲಿಲ್ಲ.

"ಏನು ಹುಡುಕ್ತಿದ್ದೀಯ ಕೇತಕ್ಕ?" ಅಂದಿತು ತುಂಬೆ.

"ಸೀತಾಳೆ ಕಣೇ. ಹೋದ ವರ್ಷ ದಾರಿ ತುಂಬ ಇತ್ತಲ್ಲ?"

"ನೀನು ಕಿತ್ತೆ, ನಿನ್ನ ಅಕ್ಕ ಕಿತ್ತಳು, ಊರೆಲ್ಲ ಕಿತ್ತಿತು. ನನ್ನನ್ನೂ ಕೀಳ್ತೀರಿ. ಆದರೆ ಒಂದು ಮಳೆ ಬಿದ್ದರೆ ನನ್ನ ಮಕ್ಕಳು ನೂರು ಮೊಳೀತಾವೆ. ಸೀತಾಳೆ ಒಂದು ದಂಡೆ ಬಿಡೋಕೆ ಎಷ್ಟು ಮಳೆಗಾಲ ಕಾಯಬೇಕು ಗೊತ್ತಾ? ನಿನ್ನ ಬುಟ್ಟಿಯಲ್ಲಿರೋಳೇ ಕೊನೆಯವಳು."

ಕೇತಿ ಬುಟ್ಟಿ ಇಳಿಸಿದಳು. ಅಲ್ಲೇ ಕೂತು, ಮತ್ತೆ ನೆಡಲು ಗುಂಡಿ ತೋಡತೊಡಗಿದಳು.

ಬುಟ್ಟಿಯೊಳಗಿಂದ ಸೀತಾಳೆ ಮೆಲ್ಲಗೆ ಅಂದಿತು, "ಇಲ್ಲಿ ಬೇಡ ಅಕ್ಕ. ನಾಳೆ ಇನ್ನೊಬ್ಬರು ಕೀಳ್ತಾರೆ."

ಕೇತಿ ಸುತ್ತ ನೋಡಿದಳು. ಎದುರಿಗೇ ದೊಡ್ಡ ಮತ್ತಿ ಮರ. "ಮತ್ತಿಯಣ್ಣ, ಇವಳಿಗೆ ನಿನ್ನ ಕೊಂಬೆಯಲ್ಲಿ ಜಾಗ ಕೊಡ್ತೀಯಾ?"

"ನನ್ನ ರಸ ಹೀರ್ತಾಳಾ?"

"ಒಂದು ಹನಿಯೂ ಬೇಡ," ಅಂದಿತು ಸೀತಾಳೆ. "ತೊಗಟೆ ಮೇಲೆ ಇಳಿಯೋ ಮಳೆನೀರು ಸಾಕು."

"ಹಾಗಾದರೆ ಬಾ ತಂಗಿ."

ಕೇತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯನ್ನು ಬೆನ್ನಿಗೇರಿಸಿ ಮರ ಹತ್ತಿದಳು. ಮೊಣಕಾಲು ತರಚಿತು. ಕೈ ಜಾರಿತು. ಆದರೂ ಹತ್ತಿದಳು. ತುದಿಯ ಕೊಂಬೆಗೆ ಸೀತಾಳೆಯ ಬೇರುಗಳನ್ನು ನಾರಿನಿಂದ ಬಿಗಿದು ಕಟ್ಟಿದಳು. ಮಗಳು ಮದುವೆಗೆ ತುಂಬೆ ಹೂವನ್ನೇ ಮುಡಿದಳು.

ಒಂದು ಮಳೆಗಾಲ ಹೋಯಿತು. ಸೀತಾಳೆ ಸುಮ್ಮನಿತ್ತು. ಇನ್ನೊಂದು ಮಳೆಗಾಲ ಹೋಯಿತು. ಆಗಲೂ ಸುಮ್ಮನಿತ್ತು. ಕೇತಿ ಮಾತ್ರ ದಿನಾ ಬಂದು ನೋಡುತ್ತಿದ್ದಳು. ಮೂರನೆಯ ಮಳೆಗಾಲಕ್ಕೆ ದಂಡೆ ಇಳಿಯಿತು. ಆಮೇಲೆ ಕಾಯಿ ಒಡೆದು ಧೂಳಿನಂಥ ಬೀಜ ಹಾರಿತು.

"ಇವನ್ನೆಲ್ಲಿ ಇಳಿಸಲಿ?" ಎಂದು ಗಾಳಿ ಕೇಳಿತು.

"ಕೈಗೆ ಸಿಗದ ಕಡೆ," ಅಂದಳು ಕೇತಿ.

ಗಾಳಿ ಹಾಗೆಯೇ ಮಾಡಿತು. ಕೇತಿಯ ತಲೆ ನರೆಯುವ ಹೊತ್ತಿಗೆ, ಒಂದು ಬೆಳಗ್ಗೆ ಮಳೆ ನಿಂತು ಹೊಳವಾದಾಗ, ಬೆಟ್ಟದ ಮರಮರದಲ್ಲೂ ದಂಡೆಗಳು ತೂಗುತ್ತಿದ್ದವು. ಊರಿನವರು ಕೈ ಚಾಚಿದರು, ಯಾರಿಗೂ ಎಟುಕಲಿಲ್ಲ. ಕೇತಿ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಗೆದ್ದವಳ ಹಾಗೆ ನಗುತ್ತ ಆ ದಾರಿಯುದ್ದಕ್ಕೂ ನಡೆದಳು.

ಅದಕ್ಕೇ ನೋಡು ಮಗು, ಇವತ್ತಿಗೂ ತುಂಬೆ ದಾರಿಬದಿಯಲ್ಲಿ ಬೊಗಸೆ ತುಂಬ ಸಿಗುತ್ತದೆ; ಅಪರೂಪದ ಸೀತಾಳೆಯನ್ನು ಕಾಣಬೇಕಾದರೆ ಮಾತ್ರ ನಾವು ತಲೆ ಎತ್ತಬೇಕು.