ಬಾವಿಯ ತಳದ ಕೂಗು

"ಕೇಳ್ರಪ್ಪೋ ಕೇಳಿ! ನಮ್ಮ ಮದಲೇನಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ, ಮುಂದೆ ರಾಜ್ಯದ ಪಟ್ಟ. ತಪ್ಪಿದವನ ತಲೆ ಯೇಸುಸ್ವಾಮಿಯ ಗರಿಗಳ ಹಬ್ಬದ ಮರುದಿನ ಉರುಳುತ್ತದೆ!"

ಅರುಳಪ್ಪ ಮಹಾರಾಜನ ಅಪ್ಪಣೆಯಂತೆ ಕಂಚಿಕೋಟೆಯ ಬೀದಿಬೀದಿಯಲ್ಲೂ ಡಂಗುರ ಸಾರಲಾಯಿತು. ಮದಲೇನಮ್ಮಣ್ಣಿ ರಾಜನ ಒಬ್ಬಳೇ ಮಗಳು.

ಆ ಊರಿನಲ್ಲಿ ಬಾವಿಗಳ ಹೂಳೆತ್ತುವ ಅಣ್ಣತಮ್ಮಂದಿರಿದ್ದರು. ಅಣ್ಣ ಚೌರಪ್ಪ ಬಲಶಾಲಿ. ಮೇಲೆ ನಿಂತು ಹಗ್ಗ ಎಳೆಯುವುದು ಅವನ ಪಾಲಿನ ಕೆಲಸ. ತಮ್ಮ ಇನ್ನಾಸಪ್ಪ ಸಣಕಲ; ಕೆಳಗಿಳಿದು ಕೆಸರು ತುಂಬುವುದು ಅವನ ಪಾಲಿಗೆ. ಕೆಲಸ ಮುಗಿದ ಮೇಲೆ "ಎಳಿಯಣ್ಣಾ!" ಎಂದು ಕೂಗಿ ಹಗ್ಗದ ಕುಣಿಕೆಯಲ್ಲಿ ಸುಮ್ಮನೆ ಕೂರಬೇಕು. ತಾನೇ ಹತ್ತುತ್ತೇನೆಂದು ಗೋಡೆ ಒದ್ದರೆ ಕಲ್ಲು ಕಳಚಿ ತಲೆಯ ಮೇಲೇ ಬೀಳುತ್ತದೆ. ಹೊಸಬರು ಮಾಡುವ ತಪ್ಪು ಇದೇ.

"ನೀನು ಕೆಳಗೇ ಇರು ತಮ್ಮಾ, ನಾನು ಸಿಂಹಾಸನ ಹತ್ತಿ ಬರ್ತೀನಿ" ಎಂದು ನಗುತ್ತಾ ಹೋದ ಚೌರಪ್ಪ ಮೊದಲ ಒಗಟಿಗೇ ಸೋತ. ಸೋತವರನ್ನೆಲ್ಲ ಕೋಟೆಯ ಹಳೆಯ ಹಗೇವಿಗೆ ಇಳಿಸುತ್ತಿದ್ದರು. ಹಿಂದೆ ಜೋಳ ತುಂಬುತ್ತಿದ್ದ ಆ ನೆಲದಡಿಯ ಗುಂಡಿಯಲ್ಲಿ ಈಗ ಮನುಷ್ಯರು ಸಾವನ್ನು ಕಾಯುತ್ತಿದ್ದರು.

ಇನ್ನಾಸಪ್ಪನಿಗೆ ಪಟ್ಟವೂ ಬೇಡವಾಗಿತ್ತು, ಮದುವೆಯೂ ಬೇಡವಾಗಿತ್ತು. ಅಣ್ಣನ ತಲೆ ಉಳಿದರೆ ಸಾಕೆಂದು ಅರಮನೆಗೆ ಹೋದ.

"ಬಾವಿ ಹಿತ್ತಿಲಲ್ಲಿದೆ ಕಣಯ್ಯಾ" ಎಂದ ಕಾವಲುಗಾರ.

"ಒಗಟಿಗೆ ಬಂದೆ, ಸ್ವಾಮಿ."

"ನಿನಗೂ ಕತ್ತು ಭಾರವಾಯ್ತಾ?"

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಮದಲೇನಮ್ಮಣ್ಣಿ ಮೊದಲ ಒಗಟು ಹೇಳಿದಳು: "ಅದಕ್ಕೆ ಸ್ವಂತ ಮೈಯಿಲ್ಲ. ಒಳ್ಳೆಯ ವಸ್ತುವಿನಲ್ಲೇ ಬಿಡಾರ ಹೂಡಿ ಅದನ್ನು ಕೆಡಿಸುತ್ತದೆ. ವಸ್ತು ಪೂರ್ತಿ ಹೋದರೆ ಅದೂ ಹೋಗುತ್ತದೆ. ಏನದು?"

"ದೆವ್ವ!" ಎಂದ ಸೇನಾಪತಿಯ ಮಗ ವಿಕ್ಟರಪ್ಪ.

"ದೆವ್ವಕ್ಕೆ ಅಷ್ಟೊಂದು ಮರ್ಯಾದೆ ಬೇಡ" ಎಂದಳು ಅಮ್ಮಣ್ಣಿ. ಭಟರು ಅವನನ್ನು ಹಿಡಿದರು.

"ನೆರಳು" ಎಂದ ರತ್ನದ ವ್ಯಾಪಾರಿ.

"ನೆರಳು ಯಾವ ವಸ್ತುವನ್ನು ಕೆಡಿಸಿದೆ?" ಅವನೂ ಹಗೇವಿನ ಕಡೆ ನಡೆದ.

ಇನ್ನಾಸಪ್ಪ ಕೈಮುಗಿದ. "ಕೊಡದ ಬಿರುಕು, ತಾಯೀ. ಕೊಡವಿಲ್ಲದೆ ಬರೀ ಬಿರುಕನ್ನು ಯಾರಿಗೂ ತೋರಿಸೋಕಾಗಲ್ಲ. ಕೆಡುಕೂ ಹಾಗೇ. ದೇವರು ಮಾಡಿದ್ದೆಲ್ಲ ಒಳ್ಳೇದೇ; ಅದು ಬಿರಿದ ಕಡೆ ಕೆಡುಕು."

ಅಮ್ಮಣ್ಣಿ ತಲೆಯಾಡಿಸಿ ಎರಡನೆಯದನ್ನು ಕೇಳಿದಳು: "ಅದು ನನ್ನಲ್ಲಿದ್ದರೆ ಜನ ನನ್ನನ್ನು ಹೊಗಳುತ್ತಾರೆ. ಆದರೆ ಅದನ್ನು ಮಾಡಿದವಳು ನಾನಲ್ಲ. ಹಂಚದೆ ಮುಚ್ಚಿಟ್ಟರೆ ನಾರುತ್ತದೆ."

"ಬಾವಿಯ ನೀರು. ಜನ ಬಾವೀನ ಹೊಗಳ್ತಾರೆ, ನೀರು ಬರೋದು ಸೆಲೆಯಿಂದ. ನಮ್ಮೊಳಗಿನ ಒಳ್ಳೆಯತನವೂ ನಮ್ಮದಲ್ಲ, ತಾಯೀ. ದೇವರ ಸೆಲೆ ನಿಂತರೆ ಉಳಿಯೋದು ಕೆಸರೇ."

ರಾಜ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿ ಕೂತ.

"ಕೊನೆಯದು" ಎಂದಳು ಅಮ್ಮಣ್ಣಿ. "ಆಳವಾದ ಗುಂಡಿಗೆ ಬಿದ್ದವನೊಬ್ಬನಿದ್ದಾನೆ. ತನ್ನನ್ನು ತಾನು ಎತ್ತಿಕೊಳ್ಳಲಾರ. ಮೇಲಿರುವವನಿಗೆ ಅವನ ಹಂಗಿಲ್ಲ, ಋಣವಿಲ್ಲ. ಬಿದ್ದವನು ಏನು ಕೊಟ್ಟರೆ ಮೇಲಿನವನು ಎತ್ತುತ್ತಾನೆ?"

ಇನ್ನಾಸಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೂಲಿಯೇ? ದುಡಿಮೆಯೇ? ಗುಂಡಿಯ ತಳದಲ್ಲಿ ಕೊಡಲು ಏನಿರುತ್ತದೆ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕತ್ತಿ ಹಿಡಿದವನು ಹತ್ತಿರ ಬಂದು ನಿಂತ.

"ಏನಾದರೂ ಹೇಳೋ, ಊಹೆಯಾದರೂ ಮಾಡು" ಎಂದು ಪಿಸುಗುಟ್ಟಿದ ಕಾವಲುಗಾರ.

ಇನ್ನಾಸಪ್ಪ ಮೊಣಕಾಲೂರಿದ. "ನನಗೆ ಗೊತ್ತಿಲ್ಲ, ತಾಯೀ. ಕೊಡೋಕೆ ನನ್ನ ಹತ್ರ ಏನೂ ಇಲ್ಲ. ನಿಮ್ಮ ಕಾನೂನಿನಂತೆ ನಾನೂ ನಮ್ಮಣ್ಣನೂ ಸಾಯೋರೇ. ಆದರೂ ಕರುಣೆ ಇಡಿ. ಅಲ್ಲಿ ಕೆಳಗಿರೋ ಎಲ್ಲರ ಮೇಲೂ ಇಡಿ."

ಮದಲೇನಮ್ಮಣ್ಣಿ ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು.

"ಏನೂ ಇಲ್ಲ. ಅದೇ ಉತ್ತರ" ಎಂದಳು. "ಬಿದ್ದವನು ಕೂಗಬೇಕು, ಅಷ್ಟೇ. ದೇವರ ವರಪ್ರಸಾದಕ್ಕೆ ಬೆಲೆ ಕಟ್ಟಿದವರು ಯಾರಿದ್ದಾರೆ? ಸ್ವಾಮಿ ಯೇಸು ಮೇಲಿನಿಂದ ಹಗ್ಗ ಬಿಟ್ಟು ಸುಮ್ಮನಿರಲಿಲ್ಲ. ನಮಗಾಗಿ ತಾನೇ ಗುಂಡಿಗಿಳಿದ. ಇಲ್ಲಿಗೆ ಬಂದವರೆಲ್ಲ ಗೊತ್ತಿಲ್ಲದಿದ್ದರೂ ಗೊತ್ತಿದ್ದವರಂತೆ ಮಾತಾಡಿದರು. ಕತ್ತಿ ಕಂಡಾಗಲೂ ಒಬ್ಬನೂ ಕರುಣೆ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಬಿಡುತ್ತಿದ್ದೆ. ಕರುಣೆ ಬೇಡಿ ಗೊತ್ತಿಲ್ಲದವನು ಸಿಂಹಾಸನದಲ್ಲಿ ಕೂತು ಯಾರಿಗೆ ಕರುಣೆ ತೋರಿಸಿಯಾನು?"

ಇನ್ನಾಸಪ್ಪ ಹಣೆ ಚಚ್ಚಿಕೊಂಡ. "ಅಯ್ಯೋ, ದಿನಾ ಬಾವಿ ತಳದಲ್ಲಿ ನಾನು ಮಾಡೋದು ಅದೇ ಕೆಲಸ!"

ರಾಜ ಎಲ್ಲರ ಶಿಕ್ಷೆಯನ್ನೂ ರದ್ದುಮಾಡಿದ. "ನಿನಗೆ ಮೊದಲು ಏನು ಬೇಕು?" ಎಂದು ಕೇಳಿದ.

"ಒಂದು ಗಟ್ಟಿ ಹಗ್ಗ, ಸ್ವಾಮಿ."

ಹಗೇವಿನ ಬಾಯಿಗೆ ಬಂದು ಇನ್ನಾಸಪ್ಪ ಹಗ್ಗ ಬಿಟ್ಟ. ಕೆಳಗೆ ಚೌರಪ್ಪ ಅದನ್ನು ಹಿಡಿದು, ಗೋಡೆ ಒದೆಯುತ್ತಾ ಹತ್ತತೊಡಗಿದ. ಮಣ್ಣು ಕುಸಿದು ಕೆಳಗಿದ್ದವರೆಲ್ಲ ಕೆಮ್ಮಿದರು. ವಿಕ್ಟರಪ್ಪ ಬೈದ.

"ಅಣ್ಣಾ, ಒದೀಬೇಡ. ಕುಣಿಕೇಲಿ ಸುಮ್ನೆ ಕೂತ್ಕೋ."

"ನನ್ನನ್ನು ಎಳೆಯೋ ಶಕ್ತಿ ನಿನಗೆಲ್ಲಿದೆಯೋ?"

"ಅದು ನನಗಿರಲಿ. ನೀನು ಕೂಗು."

ಗೋಡೆ ಒದೆಯುವುದು ನಿಂತು, ಕುಣಿಕೆಗೆ ಭಾರ ಬಿತ್ತು. ಆಮೇಲೆ, ಜೀವಮಾನವೆಲ್ಲ ಮೇಲೇ ನಿಂತಿದ್ದ ಚೌರಪ್ಪನ ದನಿ ಕತ್ತಲಿನಿಂದ ಮೆಲ್ಲಗೆ ಬಂತು: "ಎಳಿಯೋ ತಮ್ಮಾ."

ಇನ್ನಾಸಪ್ಪ ಕಾಲೂರಿ ಎಳೆದ; ಹಗ್ಗ ಒಂದು ಗೇಣೂ ಮೇಲೇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಳೆಯ ಸದ್ದಾಯಿತು. ಮದಲೇನಮ್ಮಣ್ಣಿ ಸೆರಗು ಸಿಕ್ಕಿಸಿ ಹಗ್ಗ ಹಿಡಿದಿದ್ದಳು. ಅವಳ ಹಿಂದೆ ರಾಜ, ಅವನ ಹಿಂದೆ ಕಾವಲುಗಾರ. ಒಬ್ಬೊಬ್ಬರಾಗಿ ಎಲ್ಲರೂ ಮೇಲೆ ಬಂದರು.

ಸ್ವಾಮಿ ಯೇಸು ಸಾವಿನಿಂದ ಎದ್ದ ಪಾಸ್ಕ ಹಬ್ಬ ಕಳೆದ ಮೇಲೆ ಮದುವೆಯಾಯಿತು, ಪಟ್ಟವೂ ಆಯಿತು. ಆದರೆ ಆ ಹಗ್ಗವನ್ನು ಇನ್ನಾಸಪ್ಪ ಉಗ್ರಾಣಕ್ಕೆ ಹಾಕಲು ಬಿಡಲಿಲ್ಲ. ನ್ಯಾಯ ಹೇಳಲು ಕೂರುವ ಪೀಠದ ಪಕ್ಕದಲ್ಲಿ, ತನ್ನ ಕಣ್ಣಿಗೆ ಬೀಳುವಂತೆ, ಅದನ್ನು ತೂಗುಹಾಕಿಸಿದ.